ತಲೆಯೊಳಗಿನ ಗದ್ದಲ ಕಾಗದಕ್ಕೆ: ದಿನಚರಿ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಹಾಸಿಗೆಗೆ ಬೆನ್ನು ಹಚ್ಚಿದ ಕೂಡಲೇ ಒಂದರ ಹಿಂದೆ ಒಂದು ನೆನಪಾಗುತ್ತದೆ. ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲ. ಮಗಳ ಕೋಚಿಂಗ್ ಫೀ ಕಟ್ಟಬೇಕು. ಅತ್ತೆಯ ಬಿಪಿ ಗುಳಿಗೆ ಮುಗಿಯುತ್ತ ಬಂದಿವೆ. ನಾಡಿದ್ದು ನಳ ಬರುವ ದಿನ, ಮೋಟರ್ ಕೆಟ್ಟು ಕೂತಿದೆ. ಇದರಲ್ಲಿ ಯಾವುದನ್ನೂ ರಾತ್ರಿ ಹನ್ನೊಂದಕ್ಕೆ ಮಾಡಲು ಆಗುವುದಿಲ್ಲ. ಆದರೂ ಮನಸ್ಸು ಬಿಡುವುದಿಲ್ಲ ಅಲ್ವಾ?

ಅದಕ್ಕೆ ಕಾರಣವಿದೆ. ಅರ್ಧಕ್ಕೆ ನಿಂತ ಕೆಲಸ ಮರೆತುಹೋಗದಿರಲಿ ಎಂದು ಮನಸ್ಸು ಅದನ್ನು ಮತ್ತೆ ಮತ್ತೆ ಮುಂದೆ ತರುತ್ತದೆ. 2011ರಲ್ಲಿ ಮಾಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದರು. ಮುಗಿಯದ ಕೆಲಸ ಬೇರೆ ಕೆಲಸದ ನಡುವೆ ಬಂದು ಕಾಡುತ್ತದೆ. ಆದರೆ ಅದನ್ನು ಯಾವಾಗ, ಹೇಗೆ ಮಾಡುವುದು ಎಂದು ಖಚಿತವಾಗಿ ಗೊತ್ತುಮಾಡಿಕೊಂಡರೆ, ಕೆಲಸ ಇನ್ನೂ ಆಗದಿದ್ದರೂ ಆ ಕಾಟ ತಗ್ಗುತ್ತದೆ.

ವಿಜಯಪುರದಲ್ಲಿ ನನ್ನ ಸುತ್ತಮುತ್ತ ಡೈರಿ ಶುರುಮಾಡಿ ಬಿಟ್ಟವರು ಬಹಳ ಜನ ಇದ್ದಾರೆ. ಬರೆದರೂ ಏನೂ ಬದಲಾಗಲಿಲ್ಲ ಅನ್ನುತ್ತಾರೆ. ನನ್ನ ಅಭಿಪ್ರಾಯ ಇಷ್ಟೇ: ಬರೆದರೆ ಸಾಲದು, ಬರೆದದ್ದನ್ನು ಬೇರ್ಪಡಿಸಬೇಕು. ಈ ಬರಹದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಎಂಥ ಪುಸ್ತಕ ಬೇಕು

ಜನವರಿಯಲ್ಲಿ ಬ್ಯಾಂಕಿನವರೋ ಗೊಬ್ಬರದ ಅಂಗಡಿಯವರೋ ಕೊಡುವ ತಾರೀಖು ಅಚ್ಚಾದ ಡೈರಿ ಬೇಡ. ಒಂದು ದಿನಕ್ಕೆ ಅಲ್ಲಿ ಒಂದೇ ಪುಟ. ಮನಸ್ಸು ತುಂಬಿ ಬಂದ ದಿನ ಆ ಪುಟ ಸಾಲುವುದಿಲ್ಲ. ಬರೆಯದ ದಿನಗಳ ಖಾಲಿ ಪುಟಗಳು ಬೇರೆ ಕಣ್ಣಿಗೆ ಚುಚ್ಚುತ್ತವೆ. ಫೆಬ್ರವರಿ ಹೊತ್ತಿಗೆ ಡೈರಿ ಅಟ್ಟ ಸೇರುತ್ತದೆ.

ಮಕ್ಕಳು ಶಾಲೆಗೆ ಒಯ್ಯುವ ಗೆರೆ ಹಾಕಿದ 200 ಪುಟದ ನೋಟ್‌ಬುಕ್ ತನ್ನಿ. ತಾರೀಖು ನೀವೇ ಹಾಕಿ. ಸಲೀಸಾಗಿ ಓಡುವ ಒಂದು ಪೆನ್ನನ್ನು ಅದರ ಜೊತೆಗೇ ಇಡಿ. ಪೆನ್ನು ಹುಡುಕುವಷ್ಟರಲ್ಲಿ ಬರೆಯುವ ಮನಸ್ಸೇ ಹೋಗಿಬಿಡುತ್ತದೆ.

ಮೊಬೈಲ್‌ನಲ್ಲಿ ಬರೆಯಬಹುದಾ? ಬರೆಯಬಹುದು. ಆದರೆ ಎರಡು ಸಾಲು ಆಗುವಷ್ಟರಲ್ಲಿ ವಾಟ್ಸಾಪ್ ಮೆಸೇಜ್ ಬರುತ್ತದೆ. ಶುರುವಿನಲ್ಲಿ ಕಾಗದವೇ ಒಳ್ಳೆಯದು. ಓದು-ಬರಹ ಬಾರದ ಹಿರಿಯರಿಗೆ ಮಾತ್ರ ಮೊಬೈಲೇ ಸರಿ. ಅದರಲ್ಲಿರುವ ರೆಕಾರ್ಡರ್ ಒತ್ತಿ, ಐದು ನಿಮಿಷ ಮನಸ್ಸಿನಲ್ಲಿದ್ದದ್ದು ಹೇಳಿಕೊಳ್ಳಲಿ.

ನಮ್ಮ ಭಾಗದಲ್ಲಿ ಈಗಾಗಲೇ ಏನಾದರೂ ಬರೆದಿಡುವ ಮನೆಗಳಿವೆ. ದ್ರಾಕ್ಷಿ ತೋಟ ಇದ್ದವರು ಚಾಟ್ನಿ (ಬಳ್ಳಿ ಕತ್ತರಿಸುವುದು) ಆಗಿ ಎಷ್ಟನೇ ದಿನ, ಯಾವ ಔಷಧ ಹೊಡೆದದ್ದು, ಮಳೆ ಬಂತೋ ಇಲ್ಲವೋ ಎಂದು ಗುರುತು ಹಾಕಿಡುತ್ತಾರೆ. ಅಂಥವರು ಹೊಸ ಪುಸ್ತಕ ತರಬೇಕಿಲ್ಲ. ಅದೇ ಪುಸ್ತಕವನ್ನು ತಿರುಗಿಸಿ ಹಿಂದಿನ ಪುಟದಿಂದ ಶುರುಮಾಡಿ. ತೋಟದ ಲೆಕ್ಕ ಈ ಕಡೆಯಿಂದ, ಮನಸ್ಸಿನದು ಆ ಕಡೆಯಿಂದ.

ಯಾವಾಗ, ಎಲ್ಲಿ

ದಿನಕ್ಕೆ 15 ನಿಮಿಷ ಸಾಕು. ಗಡಿಯಾರ ನೋಡಿ ಸಮಯ ಗೊತ್ತುಮಾಡುವುದಕ್ಕಿಂತ ದಿನಾ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಜೋಡಿಸಿ. ಬೆಳಗಿನ ಚಹಾ ಆದ ಮೇಲೆ, ಅಂಗಡಿ ಶಟರ್ ಎಳೆಯುವ ಮುಂಚೆ, ಮಕ್ಕಳನ್ನು ಸ್ಕೂಲ್ ವ್ಯಾನ್ ಹತ್ತಿಸಿ ಬಂದ ಮೇಲೆ. ಬನಹಟ್ಟಿ, ಇಳಕಲ್ ಕಡೆ ಮಗ್ಗದ ಕೆಲಸ ಇರುವವರು ಕರೆಂಟ್ ಹೋದಾಗ ಬರೆಯುತ್ತೇನೆ ಎಂದು ಇಟ್ಟುಕೊಳ್ಳಬೇಡಿ. ಕರೆಂಟ್ ಯಾವಾಗ ಹೋಗುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಮಧ್ಯಾಹ್ನದ ಊಟ ಆದ ಮೇಲೆ ಎಂದುಕೊಳ್ಳಿ.

ಬೆಳಿಗ್ಗೆ ಬರೆದರೆ ದಿನದ ಕೆಲಸ ಸಲೀಸಾಗುತ್ತದೆ. ರಾತ್ರಿ ಬರೆದರೆ ನಿದ್ದೆಗೆ ಒಳ್ಳೆಯದು. ಯಾವುದು ನಿಮಗೆ ಒಗ್ಗುತ್ತದೋ ಅದನ್ನೇ ಹಿಡಿಯಿರಿ. ಜಾಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಏಪ್ರಿಲ್-ಮೇನಲ್ಲಿ ನಮ್ಮಲ್ಲಿ ಮನೆಯೊಳಗೆ ಕೂರಲು ಆಗುವುದಿಲ್ಲ, ಆಗ ಮಾಳಿಗೆಗೆ ಹೋಗಿ. ನಡುವೆ ಯಾರೂ ಮಾತಾಡಿಸದಿದ್ದರೆ ಸಾಕು.

ಮೊದಲ ವಾರ: ಸುಮ್ನೆ ಇಳಿಸುವುದು

ತಾರೀಖು ಹಾಕಿ. ಮೊಬೈಲ್‌ನಲ್ಲಿ 10 ನಿಮಿಷಕ್ಕೆ ಅಲಾರಂ ಇಟ್ಟು, ಅದನ್ನು ಮಗುಚಿ ದೂರ ಇಡಿ. ತಲೆಗೆ ಬಂದದ್ದನ್ನೆಲ್ಲ ಬರೆಯುತ್ತಾ ಹೋಗಿ. ಕಾಗುಣಿತ ನೋಡಬೇಡಿ. ಹೊಡೆದುಹಾಕಬೇಡಿ. ಮೇಲಿನ ಸಾಲು ತಿರುಗಿ ಓದಬೇಡಿ. ಏನೂ ಹೊಳೆಯದಿದ್ದರೆ "ಏನೂ ಹೊಳೆಯುತ್ತಿಲ್ಲ" ಎಂದೇ ಬರೆಯಿರಿ. ಎರಡು ಮೂರು ಸಲ ಹಾಗೆ ಬರೆಯುವಷ್ಟರಲ್ಲಿ ಏನಾದರೂ ಬಂದೇ ಬರುತ್ತದೆ.

ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ. ಇದು ಬಹಳ ಮುಖ್ಯ. ಪುಸ್ತಕದ ಕನ್ನಡದಲ್ಲಿ "ನನಗೆ ಬೇಸರವಾಯಿತು" ಎಂದು ಬರೆದರೆ ಮಾತು ಅಲ್ಲಿಗೇ ಮುಗಿಯುತ್ತದೆ. "ಅಷ್ಟ ಮಂದ್ಯಾಗ ಹಂಗ ಅಂದ್ರ ಯಾರಿಗೆ ಸಿಟ್ಟ ಬರೂದಿಲ್ಲ" ಎಂದು ಬರೆದರೆ ಒಳಗೆ ಇದ್ದದ್ದು ಹೊರಗೆ ಬರುತ್ತದೆ. ಬೆಳಗಾವಿ ಕಡೆಯವರು ನಡುವೆ ಮರಾಠಿ ಬಂದರೆ ಬರಲಿ ಬಿಡಿ.

ಬಸವಣ್ಣ ಹುಟ್ಟಿದ್ದು ಇಲ್ಲೇ ಬಸವನ ಬಾಗೇವಾಡಿಯಲ್ಲಿ. ಹನ್ನೆರಡನೇ ಶತಮಾನದ ಶರಣರು ತಮ್ಮ ಮನಸ್ಸಿನ ಹೊಯ್ದಾಟವನ್ನು ಮುಚ್ಚಿಡದೆ ಆಡುಮಾತಿಗೆ ಹತ್ತಿರದ ಕನ್ನಡದಲ್ಲಿ ಹೇಳಿಕೊಂಡರು. ಅವರ ವಚನಗಳಿದ್ದ ತಾಳೆಗರಿಗಳನ್ನು ಹುಡುಕಿ ತಂದು ಅಚ್ಚು ಮಾಡಿಸಿದ ಫ. ಗು. ಹಳಕಟ್ಟಿಯವರು ಬದುಕಿ ದುಡಿದದ್ದು ವಿಜಯಪುರದಲ್ಲಿ. ತನ್ನ ಮನಸ್ಸನ್ನು ತಾನೇ ಎದುರಿಗೆ ಇಟ್ಟುಕೊಂಡು ನೋಡುವುದು ಈ ನೆಲಕ್ಕೆ ಹೊಸದಲ್ಲ. ಅದನ್ನು ಮಾಡಲು ದೊಡ್ಡ ದೊಡ್ಡ ಶಬ್ದ ಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಹೀಗೆ ಇಳಿಸಿದ ಒಂದು ಪುಟ ಹೇಗಿರಬಹುದು ನೋಡಿ. ಇದು ಮಾದರಿಗೆಂದು ನಾನೇ ಬರೆದದ್ದು, ಬಾಗಲಕೋಟೆಯ ನವನಗರದಲ್ಲಿ ಇರುವ ಕೆಲಸಕ್ಕೆ ಹೋಗುವ ಹೆಣ್ಣುಮಗಳೊಬ್ಬರು ಬರೆದಂತೆ:

"ಇವತ್ತ ತಲಿ ಭಾಳ ಗದ್ದಲ ಆಗೇತಿ. ಸೊಸೈಟಿ ಕಂತು ಬಂತು, ರೊಕ್ಕ ಪೂರಾ ಇಲ್ಲ. ಅಣ್ಣಗ ಕೇಳಬೇಕಂದ್ರ ಮನಸ್ಸ ಬರವೊಲ್ದು. ಹೋದ ಸಲ ವೈನಿ ಅಂದ ಮಾತು ಇನ್ನೂ ಚುಚ್ಚತೈತಿ. ಅವ್ವನ ಮೊಣಕಾಲ ಬ್ಯಾನಿ ಜಾಸ್ತಿ ಆಗೇತಿ, ದವಾಖಾನಿಗೆ ಯಾರು ಕರ್ಕೊಂಡ ಹೋಗೂದು? ಎಲ್ಲಾ ನಾನ ಮಾಡಬೇಕು. ಹುಡುಗನ ರಿಸಲ್ಟ್ ಮುಂದಿನ ವಾರ. ಏನ್ ಮಾಡ್ಯಾನೋ ಏನೋ. ಗ್ಯಾಸ್ ತೀರಾಕ ಬಂದೈತಿ. ರಾತ್ರಿ ನಿದ್ದಿ ಇಲ್ಲ, ಮುಂಜಾನೆ ಎದ್ದ ಕೂಡ್ಲೆ ಸಿಟ್ಟ ಬರ್ತೈತಿ."

ಮೊದಲ ವಾರ ಇಷ್ಟೇ ಮಾಡಿ. ಬರೆದು ಪುಸ್ತಕ ಮುಚ್ಚಿಬಿಡಿ.

ಎರಡನೇ ವಾರ: ಬೇರ್ಪಡಿಸುವುದು

ಈಗ 10 ನಿಮಿಷ ಬರೆದ ಮೇಲೆ ಇನ್ನೈದು ನಿಮಿಷ ಕೂರಬೇಕು. ಬರೆದದ್ದನ್ನು ಒಮ್ಮೆ ಓದಿ, ಅಂಚಿನಲ್ಲಿ ಮೂರು ಗುರುತು ಹಾಕಿ. ಮಾಡಬೇಕಾದ ಕೆಲಸಕ್ಕೆ "ಮಾ". ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ "ಇ". ಮನಸ್ಸಿಗೆ ನೋವಾದದ್ದಕ್ಕೆ "ನೋ".

ಮೇಲಿನ ಪುಟವನ್ನೇ ತೆಗೆದುಕೊಳ್ಳಿ. ಕಂತು, ಅವ್ವನ ಮೊಣಕಾಲು, ಗ್ಯಾಸ್ ಇವು "ಮಾ". ಮಗನ ರಿಸಲ್ಟ್ "ಇ", ಯಾಕೆಂದರೆ ಪರೀಕ್ಷೆ ಮುಗಿದುಹೋಗಿದೆ. ವೈನಿಯ ಮಾತು "ನೋ". ಎಲ್ಲಾ ನಾನೇ ಮಾಡಬೇಕು ಎಂಬ ಸಾಲಿಗೆ ಯಾವ ಗುರುತು? ಮೊದಲ ನೋಟಕ್ಕೆ ಸಿಟ್ಟು. ಇನ್ನೊಮ್ಮೆ ನೋಡಿದರೆ ಅದು ನೋವೂ ಹೌದು, ಕೆಲಸವೂ ಹೌದು. ಮನೆಯಲ್ಲಿ ಕೆಲಸ ಹಂಚಿಕೊಳ್ಳುವ ಮಾತು ಎತ್ತಬೇಕಾಗಿದೆ. ಇಂಥ ಎರಡು ಗುರುತು ಬೀಳುವ ಸಾಲುಗಳು ಸಿಕ್ಕರೆ ಅಲ್ಲೇ ಸ್ವಲ್ಪ ನಿಲ್ಲಿ. ದಿನಾ ಕಿರಿಕಿರಿ ಮಾಡುವ ವಿಷಯದ ಬುಡ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

"ಮಾ" ಬಿದ್ದ ಪ್ರತಿಯೊಂದಕ್ಕೂ ಕೆಳಗೆ ಒಂದು ಸಾಲು ಬರೆಯಿರಿ. ಅದರಲ್ಲಿ ಯಾರು, ಯಾವ ದಿನ, ಎಷ್ಟು ಹೊತ್ತಿಗೆ, ಏನು ಎಂಬುದು ಇರಬೇಕು. "ಅವ್ವನ ಮೊಣಕಾಲು ತೋರಿಸಬೇಕು" ಎಂಬುದು ಸಾಲದು. "ಗುರುವಾರ ಮುಂಜಾನೆ 9ಕ್ಕೆ ತಮ್ಮಗ ಫೋನ್ ಮಾಡಿ, ಶನಿವಾರ ಅವ್ವನ್ನ ದವಾಖಾನಿಗೆ ಕರ್ಕೊಂಡ ಹೋಗ್ತಿಯೇನು ಅಂತ ಕೇಳೂದು" ಎಂದು ಬರೆಯಿರಿ. ಕಂತಿನದೂ ಹಾಗೆ. "ರೊಕ್ಕ ಹೊಂದಿಸಬೇಕು" ಎಂದರೆ ಮನಸ್ಸು ಮತ್ತೆ ಅದನ್ನೇ ತಿರುವಿಹಾಕುತ್ತದೆ. "ನಾಳೆ ಊಟದ ಟೈಮಿಗೆ ಸೊಸೈಟಿಗೆ ಹೋಗಿ, ಹದಿನೈದು ದಿನ ತಡವಾದ್ರ ಎಷ್ಟು ದಂಡ ಅಂತ ಕೇಳೂದು" ಎಂದರೆ ಅದೊಂದು ಕೆಲಸ. ಸಾಲ ತೀರಲಿಲ್ಲ ನಿಜ. ಆದರೆ ಮುಂದಿನ ಹೆಜ್ಜೆ ಗೊತ್ತಾಯಿತು. ಒಂದು ದಿನಕ್ಕೆ ಮೂರಕ್ಕಿಂತ ಜಾಸ್ತಿ ಇಂಥ ಸಾಲು ಬೇಡ. ಉಳಿದದ್ದಕ್ಕೆ ಮುಂದಿನ ವಾರದ ತಾರೀಖು ಹಾಕಿ.

"ಇ" ಗುರುತಿನವು ಕಷ್ಟ. ಮಳೆ, ಈರುಳ್ಳಿ ರೇಟು, ಪರೀಕ್ಷೆಯ ಫಲಿತಾಂಶ, ಇನ್ನೊಬ್ಬರ ಸ್ವಭಾವ. ಇವಕ್ಕೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ನನ್ನ ಪಾಲಿಗೆ ಬರುವ ಸಣ್ಣ ತುಂಡು ಏನಾದರೂ ಇದೆಯಾ? ರಿಸಲ್ಟ್ ನಮ್ಮ ಕೈಯಲ್ಲಿಲ್ಲ. ರಿಸಲ್ಟ್ ಬಂದ ದಿನ ಮಗನಿಗೆ ಮೊದಲು ಏನು ಹೇಳುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ. ಆ ಮಾತನ್ನು ಇವತ್ತೇ ಬರೆದಿಡಿ. ಅಂಥ ತುಂಡು ಏನೂ ಸಿಗದಿದ್ದರೆ "ಇದು ನನ್ನ ಕೈಯಲ್ಲಿಲ್ಲ" ಎಂದು ಬರೆದು ಗೆರೆ ಎಳೆಯಿರಿ. ನಾಳೆ ಮತ್ತೆ ಬಂದರೆ ಮತ್ತೆ ಹಾಗೇ ಮಾಡಿ.

"ನೋ" ಬಿದ್ದವಕ್ಕೆ ಪರಿಹಾರ ಹುಡುಕಲು ಹೋಗಬೇಡಿ. ನಡೆದದ್ದು ಒಂದು ಸಾಲು, ಅದರಿಂದ ನನಗೆ ಅನಿಸಿದ್ದು ಒಂದು ಸಾಲು. ಎರಡನ್ನೂ ಬೇರೆ ಬೇರೆ ಬರೆಯಿರಿ. "ವೈನಿ ನನಗ ಅವಮಾನ ಮಾಡಿದ್ಲು" ಎಂಬುದರಲ್ಲಿ ಎರಡೂ ಕಲಸಿಹೋಗಿವೆ. "ರೊಕ್ಕ ಕೇಳಾಕಷ್ಟ ಬರ್ತಾರ ಅಂತ ವೈನಿ ಅಂದ್ಲು" ಎಂಬುದು ನಡೆದದ್ದು. "ತವರುಮನಿ ಇನ್ನ ನಂದಲ್ಲ ಅನಿಸ್ತು" ಎಂಬುದು ಅನಿಸಿದ್ದು. ಹೀಗೆ ಬಿಡಿಸಿ ಬರೆದಾಗ ನೋವು ಎಲ್ಲಿದೆ ಎಂಬುದು ಕಾಣುತ್ತದೆ. ಅದು ವೈನಿಯ ಮೇಲಿನ ಸಿಟ್ಟಲ್ಲ, ತವರು ದೂರವಾಯಿತು ಎಂಬ ಸಂಕಟ. ಅದರ ಬಗ್ಗೆ ಅಣ್ಣನ ಹತ್ತಿರ ಜಗಳವಿಲ್ಲದೆ ಮಾತಾಡಲು ಬರುತ್ತದೆ.

ನಿದ್ದೆ ಬಾರದವರಿಗೆ

ಸಂಜೆ ಎಷ್ಟೇ ಬರೆದರೂ ರಾತ್ರಿ ಮತ್ತೆ ಕೆಲಸಗಳು ನೆನಪಾಗುವವರು ಇದನ್ನು ಮಾಡಿ ನೋಡಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ ಸ್ಕಲಿನ್ ಮತ್ತು ಸಂಗಡಿಗರು 57 ಯುವಕ-ಯುವತಿಯರ ಮೇಲೆ ನಡೆಸಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಮಲಗುವ ಮುಂಚೆ ಐದು ನಿಮಿಷ ಅರ್ಧ ಜನ ಮುಂದಿನ ದಿನಗಳಲ್ಲಿ ಮಾಡಬೇಕಾದ ಕೆಲಸ ಬರೆದರು, ಉಳಿದವರು ಮಾಡಿ ಮುಗಿಸಿದ ಕೆಲಸ ಬರೆದರು. ಮಾಡಬೇಕಾದ್ದನ್ನು ಬರೆದವರು ಸರಾಸರಿ 9 ನಿಮಿಷ ಬೇಗ ನಿದ್ದೆ ಹೋದರು. ಪಟ್ಟಿ ಎಷ್ಟು ವಿವರವಾಗಿತ್ತೋ ನಿದ್ದೆ ಅಷ್ಟು ಬೇಗ ಬಂದಿತ್ತು.

ಅಂಗಡಿಯವರು ದಿನದ ಕಿರ್ದಿ ಬರೆದು ಮುಗಿಸಿದ ಮೇಲೆಯೇ ಮನೆಗೆ ಹೊರಡುವ ಹಾಗೆ, ನಾಳೆಯ ಕೆಲಸ ಬರೆದಿಟ್ಟ ಮೇಲೆ ದೀಪ ಆರಿಸಿ. ಕಷ್ಟದ ವಿಷಯ, ಜಗಳ, ಹಳೆಯ ನೋವು ಇವನ್ನು ಮಲಗುವ ಹೊತ್ತಿಗೆ ಬರೆಯಬೇಡಿ. ಅವಕ್ಕೆ ಹಗಲು ಬೇಕು.

ದೊಡ್ಡ ನೋವಿನ ಬಗ್ಗೆ ಬರೆಯುವಾಗ

ಇದನ್ನು ಎಚ್ಚರದಿಂದ ಓದಿ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಸತತ 4 ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದರು. ಬದುಕಿನ ಅತ್ಯಂತ ನೋವಿನ ಘಟನೆಯನ್ನೂ ಅದರ ಬಗ್ಗೆ ತಮಗಾದ ಭಾವನೆಯನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಕಡಿಮೆ ಸಲ ಹೋದರು. ಆದರೆ ಬರೆದ ದಿನ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಇದು ನೆನಪಿರಲಿ. ಬರೆದ ಕೂಡಲೇ ಹಗುರಾಗಲಿಲ್ಲ ಎಂದು ಗಾಬರಿಯಾಗಬೇಡಿ. ಬರೆದಾದ ಮೇಲೆ ಅರ್ಧ ತಾಸು ಬಿಡುವು ಇರುವಂತೆ ನೋಡಿಕೊಳ್ಳಿ, ಒಂದು ಸುತ್ತು ಅಡ್ಡಾಡಿ ಬನ್ನಿ.

ಆಮೇಲೆ ಇಂಥ ಅಧ್ಯಯನಗಳು ಬಹಳ ನಡೆದವು. 2006ರಲ್ಲಿ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಲಾಭ ಇದೆ, ಆದರೆ ಸರಾಸರಿ ಲಾಭ ಚಿಕ್ಕದು ಎಂದು ಕಂಡಿತು. ಹಾಗಾಗಿ ಬರೆದರೆ ಎಲ್ಲ ರೋಗ ವಾಸಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕ್ರಮ ಹೀಗಿರಲಿ. ಒಂದೇ ವಿಷಯ, ನಾಲ್ಕು ದಿನ. ಮೊದಲ ದಿನ ಏನಾಯಿತು, ಎಷ್ಟು ನೋವಾಯಿತು ಎಂದು ಬರೆಯಿರಿ. ಎರಡನೇ ದಿನ ಅದು ನಿಮ್ಮ ಉಳಿದ ಬದುಕಿಗೆ ಏನು ಮಾಡಿದೆ ಎಂದು ನೋಡಿ. ಮೂರನೇ ದಿನ ಅದೇ ಕಥೆಯನ್ನು ಅಲ್ಲಿದ್ದ ಇನ್ನೊಬ್ಬರ ಕಣ್ಣಿನಿಂದ ಬರೆಯಿರಿ. ನಾಲ್ಕನೇ ದಿನ "ಯಾಕಂದ್ರೆ", "ಈಗ ತಿಳಿಯುತ್ತಿದೆ" ಎಂಬ ಮಾತುಗಳನ್ನು ಹಿಡಿದು ಮುಂದೆ ಹೋಗಿ. ಪೆನ್ನೆಬೇಕರ್ ಬರಹಗಳನ್ನು ಪರೀಕ್ಷಿಸಿದಾಗ, ದಿನದಿಂದ ದಿನಕ್ಕೆ ಇಂಥ ಕಾರಣ ಹುಡುಕುವ, ಅರ್ಥ ಮಾಡಿಕೊಳ್ಳುವ ಶಬ್ದಗಳು ಹೆಚ್ಚಾದವರಿಗೇ ಉಪಯೋಗ ಹೆಚ್ಚಾಗಿತ್ತು. ನಾಲ್ಕು ದಿನ ಮುಗಿದ ಮೇಲೆ ಆ ವಿಷಯ ಬಿಡಿ.

ಸಾವು, ಅಪಘಾತ, ಹಿಂಸೆ ಇಂಥದ್ದು ಈಗಷ್ಟೇ ನಡೆದಿದ್ದರೆ ಈ ನಾಲ್ಕು ದಿನದ ಕ್ರಮ ಬೇಡ. ಆಗ ಜನ ಬೇಕು, ಮನೆಯವರ ಜೊತೆ ಕೂರಬೇಕು. ಬರೆಯುತ್ತಾ ಕೂತರೆ ಕೈಕಾಲು ನಡುಗುತ್ತದೆ, ಉಸಿರು ಕಟ್ಟಿದಂತಾಗುತ್ತದೆ ಎಂದಾದರೆ ಅಲ್ಲೇ ನಿಲ್ಲಿಸಿ. ವಾರಗಟ್ಟಲೆ ಅದೇ ಸಾಲುಗಳು ಮತ್ತೆ ಮತ್ತೆ ಬರುತ್ತಿದ್ದರೆ ಅದು ಬರೆಯುವುದಲ್ಲ, ಕೊರಗುವುದು. ಆಗ ಇನ್ನೊಬ್ಬರ ನೆರವು ಬೇಕು. ಜೀವ ಸಾಕಾಗಿದೆ ಎಂಬ ಯೋಚನೆ ಬಂದರೆ ಪುಸ್ತಕ ಮುಚ್ಚಿ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, 2022ರಿಂದ ನಡೆಯುತ್ತಿದೆ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನಮ್ಮ ಭಾಗದವರಿಗೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಯೂ ಇದೆ.

ಒಳ್ಳೆಯದನ್ನೂ ಬರೆಯಿರಿ, ವಾರಕ್ಕೊಮ್ಮೆ

ದಿನಾ ಮೂರು ಒಳ್ಳೆಯ ಸಂಗತಿ ಬರೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ದಿನಾ ಬರೆದರೆ "ಮನೆ, ಮಕ್ಕಳು, ಆರೋಗ್ಯ" ಎಂದು ಬಾಯಿಪಾಠ ಆಗಿಬಿಡುತ್ತದೆ. ಎಮ್ಮನ್ಸ್ ಮತ್ತು ಮೆಕ್‌ಕಲ್ಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಒಂದು ಭಾಗದಲ್ಲಿ ಜನ ವಾರಕ್ಕೊಮ್ಮೆ, 10 ವಾರ ಮಾತ್ರ ಬರೆದರು. ತೊಂದರೆಗಳ ಪಟ್ಟಿ ಮಾಡಿದವರಿಗಿಂತ ಒಳ್ಳೆಯ ಸಂಗತಿ ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಇತ್ತು. ಭಾನುವಾರ ಸಾಕು. ಆದರೆ ನಿಖರವಾಗಿ ಬರೆಯಿರಿ. "ಪಕ್ಕದ ಮನೆಯವರು ಒಳ್ಳೆಯವರು" ಎಂದಲ್ಲ. "ಬುಧವಾರ ನಾನು ಬರುವುದು ತಡವಾಯಿತು, ಪಕ್ಕದ ಮನಿ ಕಾಕು ಮಗನಿಗೆ ರೊಟ್ಟಿ, ಹೆಸರಕಾಳ ಪಲ್ಯ ಕೊಟ್ಟು ಕೂರಿಸಿಕೊಂಡಿದ್ದರು" ಎಂದು.

ಪರೀಕ್ಷೆ ಬರೆಯುವ ಮಕ್ಕಳಿಗೆ

ವಿಜಯಪುರ, ಬೆಳಗಾವಿಯ ಹಾಸ್ಟೆಲ್‌ಗಳಲ್ಲಿ ನೀಟ್, ಸಿಇಟಿ ಎಂದು ಓದುತ್ತಿರುವ ಮಕ್ಕಳು ಎಷ್ಟೋ ಇದ್ದಾರೆ. 2011ರಲ್ಲಿ ರಾಮಿರೆಜ್ ಮತ್ತು ಬೈಲಾಕ್ ಪ್ರಕಟಿಸಿದ ಪ್ರಯೋಗದಲ್ಲಿ, ಪರೀಕ್ಷೆಗೆ ಸ್ವಲ್ಪ ಮುಂಚೆ 10 ನಿಮಿಷ ತಮ್ಮ ಭಯವನ್ನು ಬರೆದ, ಪರೀಕ್ಷೆಗೆ ತುಂಬಾ ಅಂಜುವ ವಿದ್ಯಾರ್ಥಿಗಳು ಉತ್ತಮವಾಗಿ ಮಾಡಿದರು. ಅಂಜಿಕೆ ಇಲ್ಲದವರಿಗೆ ಇದರ ಅಗತ್ಯವಿಲ್ಲ. ಮೊದಲು ಕೋಚಿಂಗ್‌ನ ವಾರದ ಟೆಸ್ಟ್‌ನಲ್ಲಿ ಮಾಡಿ ನೋಡಲಿ. ತಂದೆ-ತಾಯಿಗೆ ಒಂದು ಮಾತು: ಏನು ಬರೆದೆ ಎಂದು ಕೇಳಬೇಡಿ, ತೆಗೆದು ಓದಲಂತೂ ಬೇಡಿ. ಒಮ್ಮೆ ಓದಿದ್ದು ಗೊತ್ತಾದರೆ ಮಗು ಮತ್ತೆ ನಿಜ ಬರೆಯುವುದಿಲ್ಲ.

ಯಾರಾದರೂ ಓದಿದರೆ?

ತುಂಬಿದ ಮನೆಯಲ್ಲಿ ಇದು ನಿಜವಾದ ಭಯ. ಮೊದಲನೆಯದು, ಹೇಳಿಬಿಡಿ: "ಇದು ನನ್ನ ಪುಸ್ತಕ, ಯಾರೂ ತೆಗೀಬ್ಯಾಡ್ರಿ." ನೇರವಾಗಿ ಹೇಳಿದರೆ ಹೆಚ್ಚಿನವರು ಮರ್ಯಾದೆ ಕೊಡುತ್ತಾರೆ. ಎರಡನೆಯದು, ಹೆಸರು ಬರೆಯಬೇಡಿ, ಒಂದು ಅಕ್ಷರ ಸಾಕು. ಮೂರನೆಯದು, ತೀರಾ ನೋವಿನದನ್ನು ಬಿಡಿ ಹಾಳೆಯಲ್ಲಿ ಬರೆದು, ಆದ ಮೇಲೆ ಹರಿದುಹಾಕಿ ಅಥವಾ ಬಚ್ಚಲ ಒಲೆಗೆ ಹಾಕಿ. ಉಪಯೋಗ ಬರೆಯುವುದರಲ್ಲಿ ಇದೆ, ಇಟ್ಟುಕೊಳ್ಳುವುದರಲ್ಲಿ ಅಲ್ಲ. ಕೆಲಸದ ಸಾಲುಗಳನ್ನು ಮಾತ್ರ ಪುಸ್ತಕಕ್ಕೆ ಇಳಿಸಿಕೊಳ್ಳಿ.

ತಿಂಗಳಿಗೊಮ್ಮೆ ತಿರುಗಿ ಓದುವುದು

ದಿನದ ಬದುಕು ಸುಧಾರಿಸುವುದು ಇಲ್ಲಿಂದ. ಅಮಾವಾಸ್ಯೆಗೋ ಸಂಬಳದ ದಿನಕ್ಕೋ, ಒಂದು ತಾಸು ಕೂತು ಇಡೀ ತಿಂಗಳಿನದು ಓದಿ. ಮೂರು ವಿಷಯ ಹುಡುಕಿ. ಯಾವ ಸಾಲು ಮತ್ತೆ ಮತ್ತೆ ಬಂದಿದೆ? ತಾರೀಖು ಹಾಕಿಯೂ ಯಾವ ಕೆಲಸ ಮುಂದಕ್ಕೆ ಹೋಗುತ್ತಲೇ ಇದೆ? ಯಾವ ದಿನ ಮನಸ್ಸು ಚೆನ್ನಾಗಿತ್ತು, ಆ ದಿನ ಬೇರೆ ಏನು ನಡೆದಿತ್ತು?

ಉತ್ತರ ಬಹಳ ಸಲ ಸಣ್ಣದಾಗಿರುತ್ತದೆ. ತಲೆನೋವು ಬರುವುದು ಸಂತೆಯ ದಿನ ಮಾತ್ರ, ಯಾಕೆಂದರೆ ಅವತ್ತು ಮಧ್ಯಾಹ್ನದ ಊಟ ಮೂರು ಗಂಟೆಗೆ. ಗಂಡ-ಹೆಂಡತಿ ಜಗಳ ಬಹಳಷ್ಟು ತಿಂಗಳ ಕೊನೆಯ ವಾರದಲ್ಲಿ, ಯಾಕೆಂದರೆ ಉದ್ರಿ ಕೇಳಿಕೊಂಡು ಕಿರಾಣಿ ಅಂಗಡಿಯವರು ಫೋನ್ ಮಾಡುವುದು ಆಗಲೇ. ತಿಂಗಳ ಮೊದಲ ವಾರವೇ ಅರ್ಧ ಉದ್ರಿ ತೀರಿಸಿದರೆ ಏನಾಗುತ್ತದೆ ಎಂದು ಮುಂದಿನ ತಿಂಗಳು ನೋಡಬಹುದು. ಒಂದು ತಿಂಗಳಿಗೆ ಒಂದೇ ಬದಲಾವಣೆ ಇಟ್ಟುಕೊಳ್ಳಿ. ಮೂರು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಮೂರು ಸಲಕ್ಕಿಂತ ಹೆಚ್ಚು ಮುಂದಕ್ಕೆ ಹೋದ ಕೆಲಸವನ್ನು ಮತ್ತೆ ಬರೆಯಬೇಡಿ. ಒಂದೋ ಅದನ್ನು ಬೇರೆಯವರಿಗೆ ವಹಿಸಿ, ಇಲ್ಲವೇ ಅರ್ಧ ತಾಸಿನಲ್ಲಿ ಮುಗಿಯುವ ತುಂಡು ಮಾಡಿ, ಇಲ್ಲವೇ ಬಿಟ್ಟೆ ಎಂದು ಬರೆದು ಬಿಟ್ಟುಬಿಡಿ.

ಬರೆಯುವುದು ತಪ್ಪಿದಾಗ

ಹಬ್ಬ, ಮದುವೆ, ಜೋಳದ ರಾಶಿ ಬಂದರೆ ಹತ್ತು ದಿನ ತಪ್ಪುತ್ತದೆ. ತಪ್ಪಿದ ದಿನಗಳದ್ದನ್ನೆಲ್ಲ ನೆನಪು ಮಾಡಿ ಬರೆಯಲು ಹೋಗಬೇಡಿ. ಇವತ್ತಿನ ತಾರೀಖು ಹಾಕಿ ಮುಂದುವರಿಸಿ. ಏನು ಬರೆಯಬೇಕು ತೋಚದಿದ್ದರೆ ಇವುಗಳಲ್ಲಿ ಒಂದನ್ನು ಹಿಡಿಯಿರಿ: ಇವತ್ತ ಯಾರ ಮುಂದ ಹೇಳಬೇಕಂದ ಮಾತು ನುಂಗಿಕೊಂಡೆ? ಯಾವ ಕೆಲಸ ನೆನಸಿಕೊಂಡ್ರ ಹೊಟ್ಟ್ಯಾಗ ಕಲಸಿದಂಗ ಆಗತೈತಿ? ನಾಳೆ ಒಂದ ಕೆಲಸ ಮುಗದ್ರ ಸಾಕು ಅನ್ನೂದಾದ್ರ ಅದು ಯಾವುದು?

ಪುಸ್ತಕ ತುಂಬಿದಾಗ ಕೊನೆಯ ಪುಟದಲ್ಲಿ ಎರಡು ಪಟ್ಟಿ ಮಾಡಿ. ಇದರಲ್ಲಿ ತೀರಿದ ಚಿಂತೆಗಳು ಯಾವುವು, ಹೊಸ ಪುಸ್ತಕಕ್ಕೆ ಒಯ್ಯಬೇಕಾದವು ಯಾವುವು. ಎರಡನೇ ಪಟ್ಟಿಯನ್ನು ಹೊಸ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಇಳಿಸಿ, ಪ್ರತಿಯೊಂದರ ಮುಂದೆ ದಿನ ಮತ್ತು ಹೊತ್ತು ಬರೆಯಿರಿ.